ಕಪಾಲಭಾತಿ: ಹೊರಗೆ ತಳ್ಳುವುದು ನಮ್ಮ ಕೆಲಸ, ಒಳಗೆ ಬರುವುದು ಉಸಿರಿನ ಕೆಲಸ

ಕಪಾಲಭಾತಿಯಲ್ಲಿ ನಾವು ಮಾಡಬೇಕಾದ್ದು ಒಂದೇ. ಕೆಳಹೊಟ್ಟೆಯನ್ನು ಚುರುಕಾಗಿ ಒಳಗೆಳೆದು ಮೂಗಿನಿಂದ ಉಸಿರನ್ನು ಹೊರಗೆ ತಳ್ಳುವುದು. ಹೊಟ್ಟೆ ಸಡಿಲ ಬಿಟ್ಟ ಕೂಡಲೇ ಗಾಳಿ ತಾನಾಗಿ ಒಳಗೆ ಬರುತ್ತದೆ, ಅದನ್ನು ಎಳೆದುಕೊಳ್ಳುವ ಹಾಗಿಲ್ಲ. ತಲೆಸುತ್ತು, ಬೆರಳ ತುದಿಯಲ್ಲಿ ಜುಮುಜುಮು, ಎದೆ ಬಿಗಿತ, ಕತ್ತುನೋವು ಎಂದು ಹೇಳಿಕೊಂಡು ಬರುವವರಲ್ಲಿ ಬಹಳ ಮಂದಿ ಎಡವಿರುವುದು ಇಲ್ಲೇ: ರೇಚಕದಷ್ಟೇ, ಅಂದರೆ ಉಸಿರು ಬಿಡುವಷ್ಟೇ ಜೋರಾಗಿ ಪೂರಕವನ್ನೂ, ಅಂದರೆ ಉಸಿರು ತೆಗೆದುಕೊಳ್ಳುವುದನ್ನೂ ಮಾಡುತ್ತಿರುತ್ತಾರೆ. ಟಿವಿ ನೋಡಿಯೋ, ಪಾರ್ಕಿನಲ್ಲಿ ಪಕ್ಕದವರನ್ನು ನೋಡಿಯೋ ಕಲಿತರೆ ಕಣ್ಣಿಗೆ ಬೀಳುವುದು ವೇಗ, ಕಿವಿಗೆ ಬೀಳುವುದು ಸದ್ದು. ಎರಡು ತಳ್ಳುವಿಕೆಗಳ ನಡುವೆ ಹೊಟ್ಟೆ ಸಡಿಲಗೊಳ್ಳುವುದು ಯಾರ ಗಮನಕ್ಕೂ ಬರುವುದಿಲ್ಲ. ಕಲಿಯಬೇಕಾದದ್ದು ಮಾತ್ರ ಅದನ್ನೇ.

ಇನ್ನೊಂದು ವಿಷಯ ಮೊದಲೇ ತಿಳಿದಿರಲಿ. ಕಪಾಲಭಾತಿಯನ್ನು ಎಲ್ಲರೂ ಪ್ರಾಣಾಯಾಮ ಎಂದೇ ಕರೆಯುತ್ತಾರೆ, ಆದರೆ ಪರಂಪರೆಯಲ್ಲಿ ಅದು ಶೋಧನ ಕ್ರಿಯೆ. 15ನೇ ಶತಮಾನದ ಹಠಯೋಗ ಪ್ರದೀಪಿಕೆ ಹೇಳುವ ಷಟ್ಕರ್ಮಗಳು, ಅಂದರೆ ಆರು ಶೋಧನ ಕ್ರಿಯೆಗಳು, ಧೌತಿ, ಬಸ್ತಿ, ನೇತಿ, ತ್ರಾಟಕ, ನೌಲಿ ಮತ್ತು ಕಪಾಲಭಾತಿ. ಮೈಯಲ್ಲಿ ಕಫ, ಮೇದಸ್ಸು ಹೆಚ್ಚಿರುವವರು ಪ್ರಾಣಾಯಾಮಕ್ಕೆ ಮೊದಲು ಇವನ್ನು ಮಾಡಲಿ, ಉಳಿದವರಿಗೆ ಇದರ ಅಗತ್ಯವಿಲ್ಲ ಎಂಬುದು ಆ ಗ್ರಂಥದ ಅಭಿಪ್ರಾಯ. ಆದ್ದರಿಂದ ಆರೋಗ್ಯದ ಕಾರಣಕ್ಕೆ ಕಪಾಲಭಾತಿ ಬಿಡಬೇಕಾಗಿ ಬಂದವರು ಯೋಗವೇ ತಪ್ಪಿಹೋಯಿತು ಎಂದು ಕೊರಗಬೇಕಿಲ್ಲ. ಒಂದೊಂದೇ ಹೊಳ್ಳೆಯಿಂದ ನಿಧಾನವಾಗಿ ಉಸಿರಾಡುವ ನಾಡಿಶೋಧನ, ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿ ಅವರಿಗೆ ಧಾರಾಳವಾಗಿ ಸಾಕು.

ಅದೇ ಗ್ರಂಥ ಕಪಾಲಭಾತಿಯನ್ನು ಕಮ್ಮಾರನ ತಿದಿಗೆ ಹೋಲಿಸಿ, ರೇಚಕ ಪೂರಕ ಎರಡನ್ನೂ ಬೇಗಬೇಗ ಮಾಡಲು ಹೇಳುತ್ತದೆ. ಇಂದಿನ ಯೋಗ ಶಾಲೆಗಳು ಕಲಿಸುವ ಕ್ರಮದಲ್ಲಿ ರೇಚಕ ಮಾತ್ರ ಬಲದಿಂದ ಆಗುತ್ತದೆ. ಎರಡನ್ನೂ ಬಲದಿಂದ ಮಾಡಿದರೆ ಅದು ಭಸ್ತ್ರಿಕಾ. ಭಸ್ತ್ರಿಕಾದ ಶ್ರಮ ಬೇರೆ, ಅಪಾಯವೂ ಬೇರೆ. ಕಪಾಲಭಾತಿ ಕುದುರುವ ತನಕ ಅದರ ತಂಟೆಗೆ ಹೋಗಬೇಡಿ. ಘೇರಂಡ ಸಂಹಿತೆಯಲ್ಲಿ ಮೂಗಿನಿಂದ ನೀರೆಳೆದು ಬಾಯಿಂದ ಬಿಡುವ, ಬಾಯಿಂದ ತೆಗೆದುಕೊಂಡು ಮೂಗಿನಿಂದ ಬಿಡುವ ಪ್ರಕಾರಗಳೂ ಇವೆ. ಅವನ್ನು ಗುರುಗಳ ಎದುರಲ್ಲೇ ಕಲಿಯಬೇಕು.

ಶೋಧನ ಎಂದರೆ ಇಲ್ಲಿ ಏನು ಶುದ್ಧವಾಗುತ್ತದೆ? ಮೂಗು, ಮೂಗಿನ ಹಿಂಭಾಗ, ಗಂಟಲಿನಲ್ಲಿ ಕಟ್ಟಿಕೊಂಡ ಸಿಂಬಳ, ಕಫ ಸಡಿಲವಾಗುತ್ತದೆ, ಉಸಿರಿನ ದಾರಿ ಬಿಡುಗಡೆಯಾಗುತ್ತದೆ. ಬೆಳಗಿನ ಮಂಪರು ಹರಿದು ಮೈ ಎಚ್ಚರಗೊಳ್ಳುತ್ತದೆ. ಹೊಟ್ಟೆಯ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಇಷ್ಟೇ ದೊಡ್ಡ ಲಾಭ. ರಕ್ತದ ಕಶ್ಮಲ ತೆಗೆಯುವುದು ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸ. ಹದಿನೈದು ನಿಮಿಷ ಕಪಾಲಭಾತಿ ಮಾಡಿದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಗಡ್ಡೆ ಕರಗುತ್ತದೆ ಎಂಬ ಮಾತು ನಂಬಿ ಮಾತ್ರೆ ನಿಲ್ಲಿಸಿದವರು ಕೊನೆಗೆ ಆಸ್ಪತ್ರೆ ಸೇರುತ್ತಾರೆ. ಔಷಧಿ ಕಡಿಮೆ ಮಾಡುವ ತೀರ್ಮಾನ ವೈದ್ಯರದ್ದು.

ಯಾರು ಮಾಡಬಾರದು

ಆಯುಷ್ ಸಚಿವಾಲಯದ ಕಾಮನ್ ಯೋಗ ಪ್ರೊಟೊಕಾಲ್ ಹೃದ್ರೋಗ, ಅಧಿಕ ರಕ್ತದೊತ್ತಡ, ತಲೆಸುತ್ತು, ಮೂಗಿನಿಂದ ಪದೇಪದೇ ರಕ್ತ ಬರುವುದು, ಮೂರ್ಛೆರೋಗ, ಮೈಗ್ರೇನ್, ಪಾರ್ಶ್ವವಾಯು, ಹರ್ನಿಯಾ, ಜಠರದ ಹುಣ್ಣು ಇರುವವರು ಇದನ್ನು ಬಿಡಬೇಕೆಂದು ಹೇಳುತ್ತದೆ. ಈ ಪಟ್ಟಿಗೆ ಇನ್ನೂ ಕೆಲವನ್ನು ಸೇರಿಸಿಕೊಳ್ಳಿ. ಗರ್ಭಿಣಿಯರು ಮಾಡಲೇಬಾರದು. ಗ್ಲಾಕೋಮಾ ಇರುವವರು, ಕಣ್ಣಿನ ರೆಟಿನಾ ಕಳಚಿದ್ದವರು, ಗರ್ಭಕೋಶ ಜಾರಿರುವವರು ಬೇಡ. ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಸಿಸೇರಿಯನ್ ಕೂಡ ಇದರಲ್ಲೇ ಬಂತು, ಕನಿಷ್ಠ ಆರು ತಿಂಗಳು ಕಾದು, ಆಮೇಲೂ ವೈದ್ಯರನ್ನು ಕೇಳಿಯೇ ಶುರುಮಾಡಬೇಕು. ಬೆನ್ನಿನ ಡಿಸ್ಕ್ ನೋವು ಜೋರಾಗಿರುವಾಗ, ಜ್ವರ ಇರುವಾಗ, ಕಿವಿ ಸೋರುತ್ತಿರುವಾಗ, ಸೈನಸ್ ಊದಿಕೊಂಡು ಹಣೆ ಸಿಡಿಯುತ್ತಿರುವಾಗ ನಿಲ್ಲಿಸಿ. ಮುಟ್ಟಿನ ಮೊದಲ ಎರಡು ಮೂರು ದಿನ, ಸ್ರಾವ ಹೆಚ್ಚಿರುವಾಗ ಬಿಡುವುದು ರೂಢಿ. ಹೊಟ್ಟೆ ಹಿಂಡಿ ಹೊಡೆಯುವ ಈ ಕ್ರಿಯೆ ಆ ದಿನಗಳಲ್ಲಿ ಹಿತವೂ ಅಲ್ಲ.

ರಕ್ತದೊತ್ತಡದ ವಿಷಯದಲ್ಲಿ ಜನ ವಾದಿಸುತ್ತಾರೆ: ಯೋಗ ಮನಸ್ಸನ್ನು ಶಾಂತ ಮಾಡುತ್ತದಲ್ಲ, ಮತ್ತೇಕೆ ಭಯ ಎಂದು. ಎಲ್ಲ ಉಸಿರಾಟವೂ ಶಾಂತ ಮಾಡುವುದಿಲ್ಲ. 1998ರಲ್ಲಿ ಬೆಂಗಳೂರಿನ ವಿವೇಕಾನಂದ ಕೇಂದ್ರ ಯೋಗ ಸಂಶೋಧನಾ ಪ್ರತಿಷ್ಠಾನದವರು 12 ಯುವಕರ ಹೃದಯ ಬಡಿತದ ಏರಿಳಿತ ಅಳೆದಾಗ, ಕಪಾಲಭಾತಿಯ ನಂತರ ದೇಹವನ್ನು ಓಟಕ್ಕೆ ಸಜ್ಜುಗೊಳಿಸುವ ನರವ್ಯೂಹದ ಕಡೆಗೆ ತೂಕ ಸರಿದದ್ದು ಕಂಡಿತು. ಅಂದರೆ ಇದು ಎಚ್ಚರಿಸುವ ಕ್ರಿಯೆ. ಆರೋಗ್ಯವಂತರಿಗೆ ಬೆಳಿಗ್ಗೆ ಹೊತ್ತು ಅದೇ ಬೇಕಾದದ್ದು. ಬಿಪಿ ಏರಿರುವವರಿಗೆ ಅದೇ ಬೇಡವಾದದ್ದು. ಮಾತ್ರೆಯಿಂದ ಬಿಪಿ ಹತೋಟಿಯಲ್ಲಿದೆ ಎನ್ನುವವರೂ ವೈದ್ಯರನ್ನು ಕೇಳದೆ ತೊಡಗಬೇಡಿ.

ಶ್ವಾಸಕೋಶದ ಪದರ ಹರಿದು ಎದೆಗೂಡಿನಲ್ಲಿ ಗಾಳಿ ತುಂಬಿಕೊಳ್ಳುವ ನ್ಯೂಮೋಥೊರಾಕ್ಸ್ ಒಮ್ಮೆ ಆಗಿದ್ದವರು ಜೀವನಪೂರ್ತಿ ಇದರಿಂದ ದೂರವಿರಬೇಕು. ಅತಿಯಾಗಿ ಬಲ ಹಾಕಿ ಕಪಾಲಭಾತಿ ಮಾಡಿದ 29 ವರ್ಷದ ಮಹಿಳೆಯೊಬ್ಬರಿಗೆ ಹೀಗಾದದ್ದು 2004ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಬಹಳ ಅಪರೂಪ, ನಿಜ. ಆದರೆ ಬೀಡಿ ಸಿಗರೇಟು ಸೇದುವವರು, ತೀರ ಎತ್ತರವಾಗಿ ಸಪೂರವಾಗಿರುವ ಹುಡುಗರು, ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಲ್ಲಿ ನ್ಯೂಮೋಥೊರಾಕ್ಸ್‌ನ ಸಾಧ್ಯತೆ ಮೊದಲೇ ಹೆಚ್ಚು. ಅವರು ಬಲಪ್ರಯೋಗಕ್ಕೆ ಇಳಿಯಲೇಬಾರದು. ಆಸ್ತಮಾ ಇರುವವರು ಉಬ್ಬಸ ಇಲ್ಲದ ದಿನಗಳಲ್ಲಿ, ನಿಧಾನದ ವೇಗದಲ್ಲಿ, ಇನ್‌ಹೇಲರ್ ಕೈಗೆಟುಕುವ ಹಾಗೆ ಇಟ್ಟುಕೊಂಡು, ಬಲ್ಲವರ ಎದುರಲ್ಲಿ ಕಲಿಯಬಹುದು.

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಒಂದು ಪ್ರತ್ಯೇಕ ಮಾತು. ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ತಲೆ ತಿರುಗಿದರೆ ಅದು ಉಸಿರಿನಿಂದಲೇ ಬಂದದ್ದು ಎಂದುಕೊಳ್ಳಬೇಡಿ. ಸಕ್ಕರೆ ಇಳಿದಿರಲೂಬಹುದು. ಬೆವರು, ಕೈನಡುಕ, ಹಸಿವಿನ ಸಂಕಟ ಜೊತೆಗಿದ್ದರೆ ತಕ್ಷಣ ಗ್ಲುಕೋಸ್ ಅಥವಾ ಸಕ್ಕರೆ ತಿಂದು, ಗ್ಲುಕೋಮೀಟರಿನಲ್ಲಿ ನೋಡಿ.

ಕೂರುವ ಮೊದಲು

ಊಟ ಆಗಿ ನಾಲ್ಕು ಗಂಟೆ, ಇಡ್ಲಿಯಂಥ ಹಗುರ ತಿಂಡಿಯಾದರೆ ಎರಡೂವರೆ ಮೂರು ಗಂಟೆ, ಕಾಫಿ ಅಥವಾ ನೀರು ಕುಡಿದಿದ್ದರೆ ಅರ್ಧ ಗಂಟೆ ಬಿಡಿ. ಹೊಟ್ಟೆ ತುಂಬಿರುವಾಗ ಮಾಡಿದರೆ ಜಠರದ ಆಮ್ಲ ಅನ್ನನಾಳಕ್ಕೆ ನುಗ್ಗಿ ಎದೆಯುರಿ ಬರುತ್ತದೆ. ಹುಳಿತೇಗಿನ ತೊಂದರೆ ಇರುವವರಿಗೆ ಖಾಲಿಹೊಟ್ಟೆಯಲ್ಲೂ ಬರಬಹುದು, ಬಂದರೆ ಬಿಟ್ಟುಬಿಡಿ. ಬೆಳಿಗ್ಗೆ ಶೌಚ ಮುಗಿಸಿದ ಮೇಲಿನ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ಸಂಜೆ ಮಾಡಿದರೂ ಆಗುತ್ತದೆ, ಆದರೆ ಮಲಗುವ ಹೊತ್ತಿಗೆ ಬೇಡ. ನಿದ್ದೆ ಹಾರಿಹೋಗುತ್ತದೆ.

ಗಾಳಿ ಆಡುವ ಕೋಣೆ ಇರಲಿ, ಆದರೆ ಫ್ಯಾನಿನ ಗಾಳಿ ನೇರ ಮುಖಕ್ಕೆ ಹೊಡೆಯುವುದು ಬೇಡ. ಊದುಬತ್ತಿ, ಸೊಳ್ಳೆಬತ್ತಿ, ಧೂಪ ಹಚ್ಚಿದ ಕೋಣೆಯಲ್ಲಿ ಕೂರಬೇಡಿ. ನಿಮಿಷಕ್ಕೆ ಹದಿನೈದು ಉಸಿರಾಡುವ ಜಾಗದಲ್ಲಿ ಅರವತ್ತು ಸಲ ಗಾಳಿ ಒಳಗೆ ಹೊರಗೆ ಆಡುವಾಗ ಹೊಗೆಯೂ ಅಷ್ಟೇ ಸಲ ಮೂಗು ಸೇರುತ್ತದೆ. ಮುಖ್ಯರಸ್ತೆಗೆ ತೆರೆದ ಬಾಲ್ಕನಿಯೂ ಇದೇ ಕಾರಣಕ್ಕೆ ಒಳ್ಳೆಯ ಜಾಗವಲ್ಲ.

ಮೂಗು ಸೀನಿ ಎರಡೂ ಹೊಳ್ಳೆ ತೆರೆದಿವೆಯೇ ನೋಡಿ. ಒಂದನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿ ಇನ್ನೊಂದರಲ್ಲಿ ಉಸಿರಾಡಿದರೆ ಗೊತ್ತಾಗುತ್ತದೆ. ಸ್ವಲ್ಪ ಕಟ್ಟಿದ್ದರೆ ಅಡ್ಡಿಯಿಲ್ಲ. ಒಂದು ಪೂರ್ತಿ ಮುಚ್ಚಿಕೊಂಡಿದ್ದರೆ ಅವತ್ತು ಬಲದ ರೇಚಕ ಬೇಡ. ಹೊರಹೋಗಲು ದಾರಿ ಸಿಗದ ಒತ್ತಡ ಕಿವಿಯ ಕಡೆಗೆ ತಿರುಗುತ್ತದೆ.

ಬೆಲ್ಟ್, ಪಂಚೆಯ ಗಂಟು, ಲಂಗದ ಲಾಡಿ, ಚೂಡಿದಾರದ ದಾರ, ಏನಿದ್ದರೂ ಸಡಿಲಿಸಿ. ಇದು ಸಣ್ಣ ವಿಷಯವಲ್ಲ: ಸೊಂಟದಲ್ಲಿ ಬಿಗಿ ಇದ್ದರೆ ಕೆಳಹೊಟ್ಟೆ ಆಡಲಾಗದೆ ಕೆಲಸವೆಲ್ಲ ಎದೆಗೆ ಏರುತ್ತದೆ.

ಸುಖಾಸನ, ಪದ್ಮಾಸನ, ವಜ್ರಾಸನ, ಯಾವುದಾದರೂ ಸರಿ. ನೆಲದ ಮೇಲೆ ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ನಿಲ್ಲುತ್ತಿದ್ದರೆ ಪೃಷ್ಠದ ಕೆಳಗೆ ಮೂರು ನಾಲ್ಕು ಇಂಚು ದಪ್ಪಕ್ಕೆ ಮಡಿಸಿದ ಕಂಬಳಿ ಇಡಿ. ಮೊಣಕಾಲು ನೋವಿನವರು ಕುರ್ಚಿಯಲ್ಲಿ ಕೂರಲಿ. ಆದರೆ ಒರಗಬಾರದು. ಕುರ್ಚಿಯ ಮುಂದಿನ ಅರ್ಧದಲ್ಲಿ ಕೂತು ಎರಡೂ ಪಾದ ನೆಲಕ್ಕೆ ಊರಿಕೊಳ್ಳಿ. ನಿಂತು ಮಾಡುವುದು ಹೊಸಬರಿಗೆ ಸಲ್ಲ, ತಲೆ ತಿರುಗಿದರೆ ಬೀಳುತ್ತೀರಿ.

ಮೊದಲ ವಾರ ಕಪಾಲಭಾತಿಯೇ ಬೇಡ

ಬಹುತೇಕರ ಉಸಿರು ಎದೆಯಲ್ಲೇ ಆಡುತ್ತಿರುತ್ತದೆ. ಕೆಲವರಿಗಂತೂ ಉಸಿರು ಬಿಡುವಾಗ ಹೊಟ್ಟೆ ಉಬ್ಬಿ, ತೆಗೆದುಕೊಳ್ಳುವಾಗ ಒಳಗೆ ಹೋಗುವ ತಲೆಕೆಳಗಾದ ಅಭ್ಯಾಸ ಇರುತ್ತದೆ. ಈ ಸ್ಥಿತಿಯಲ್ಲಿ ವೇಗದ ರೇಚಕಕ್ಕೆ ಕೈಹಾಕಿದರೆ ಒತ್ತಡ ಕೆಳಗಡೆಗೆ, ತೊಡೆಸಂದಿ ಮತ್ತು ಗುದದ ಕಡೆಗೆ ಬೀಳುತ್ತದೆ. ಹರ್ನಿಯಾ, ಮೂಲವ್ಯಾಧಿ ಕೆರಳುವುದು ಹೀಗೆ.

ಅದಕ್ಕೇ ಮೊದಲ ಏಳು ದಿನ ದಿನಕ್ಕೆ ಹತ್ತು ನಿಮಿಷ ಇದನ್ನು ಮಾಡಿ. ಅಂಗಾತ ಮಲಗಿ ಮೊಣಕಾಲು ಮಡಿಸಿ. ಒಂದು ಅಂಗೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಕೆಳಗೆ. ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಂಡಾಗ ಕೆಳಗಿನ ಕೈ ಏರಬೇಕು, ಬಿಟ್ಟಾಗ ಇಳಿಯಬೇಕು, ಮೇಲಿನ ಕೈ ಹೆಚ್ಚುಕಡಿಮೆ ಅಲುಗಬಾರದು. ಇದು ಸಲೀಸಾದ ಮೇಲೆ ಎದ್ದು ಕೂತು ಅದನ್ನೇ ಮಾಡಿ. ಕೂತಾಗ ಕೊಂಚ ಕಷ್ಟವಾಗುತ್ತದೆ, ಎರಡು ದಿನದಲ್ಲಿ ಸರಿಹೋಗುತ್ತದೆ.

ಐದನೇ ದಿನದ ಹೊತ್ತಿಗೆ ಹೊಡೆತವನ್ನು ಹುಡುಕಿಕೊಳ್ಳಿ. ಎರಡು ಬೆರಳನ್ನು ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ ಇಟ್ಟು, ಬಾಯಿ ತೆರೆದು ‘ಹ! ಹ! ಹ!’ ಎಂದು ಬಿಡಿಬಿಡಿಯಾಗಿ ಹೇಳಿ. ಪ್ರತಿ ‘ಹ’ಕ್ಕೂ ಬೆರಳ ಕೆಳಗಿನ ಸ್ನಾಯು ಚಕ್ಕನೆ ಒಳಗೆ ಸರಿಯುವುದು ತಿಳಿಯುತ್ತದೆ. ಎರಡು ‘ಹ’ಗಳ ನಡುವೆ ನೀವು ಉಸಿರು ಎಳೆದುಕೊಳ್ಳಲಿಲ್ಲ, ಆದರೂ ಗಾಳಿ ಬಂತು ಎಂಬುದನ್ನೂ ಗಮನಿಸಿ. ಈಗ ಬಾಯಿ ಮುಚ್ಚಿ ಅದೇ ಕೆಲಸವನ್ನು ಮೂಗಿನಿಂದ ಮಾಡಿ. ಕಪಾಲಭಾತಿಯ ಒಂದು ಸ್ಟ್ರೋಕ್ ಎಂದರೆ ಇದೇ.

ಕ್ರಮ

1. ಬೆನ್ನು ನೆಟ್ಟಗೆ, ಗಲ್ಲ ನೆಲಕ್ಕೆ ಸಮನಾಗಿ. ಅಂಗೈಗಳು ಮೊಣಕಾಲಿನ ಮೇಲೆ. ಕಣ್ಣು ಮುಚ್ಚಿ, ಹಲ್ಲು ಕಚ್ಚದೆ ತುಟಿ ಮಾತ್ರ ಕೂಡಿಸಿ. ನಾಲಿಗೆ ಸಡಿಲವಾಗಿರಲಿ.

2. ಮೂರು ನಾಲ್ಕು ಸಲ ನಿಧಾನವಾಗಿ ಹೊಟ್ಟೆಯ ಉಸಿರಾಟ ಮಾಡಿ. ಕೊನೆಯ ಸಲ ಸಾಧಾರಣ ಉಸಿರು ತೆಗೆದುಕೊಳ್ಳಿ. ಎದೆ ತುಂಬ ಎಳೆದುಕೊಳ್ಳುವ ಅಗತ್ಯವಿಲ್ಲ.

3. ಕೆಳಹೊಟ್ಟೆಯನ್ನು ಬೆನ್ನಿನ ಕಡೆಗೆ ಚಕ್ಕನೆ ಸೆಳೆಯಿರಿ. ಉಸಿರು ಎರಡೂ ಹೊಳ್ಳೆಗಳಿಂದ ಚಿಕ್ಕದಾಗಿ ಹೊರಚಿಮ್ಮುತ್ತದೆ. ಸದ್ದು ಹೊಳ್ಳೆಯ ತುದಿಯಲ್ಲಿ ಕೇಳಬೇಕು. ಗಂಟಲಿನಲ್ಲಿ ಗೊರಗೊರ ಎಂದರೆ ಗಂಟಲು ಬಿಗಿಹಿಡಿದಿದ್ದೀರಿ ಎಂದರ್ಥ.

4. ತಕ್ಷಣ ಹೊಟ್ಟೆ ಬಿಟ್ಟುಬಿಡಿ. ಅದು ತನ್ನ ಜಾಗಕ್ಕೆ ಮರಳುವಾಗ ಗಾಳಿ ಸದ್ದಿಲ್ಲದೆ ಒಳಬರುತ್ತದೆ. ಇಲ್ಲಿ ನಿಮ್ಮ ಪ್ರಯತ್ನ ಏನೂ ಇಲ್ಲ.

5. ಹೊಟ್ಟೆ ಪೂರ್ತಿ ಸಡಿಲವಾದ ಮೇಲೆ ಮುಂದಿನ ಸ್ಟ್ರೋಕ್. ಮೊದಲಲ್ಲಿ ಎರಡು ಸೆಕೆಂಡಿಗೆ ಒಂದು. ಹತ್ತು ಆದ ಮೇಲೆ ನಿಲ್ಲಿಸಿ.

6. ಒಂದು ನೀಳ ಉಸಿರು ತೆಗೆದುಕೊಂಡು ಮೆಲ್ಲಗೆ ಬಿಡಿ. ಆಮೇಲೆ ಉಸಿರನ್ನು ಅದರ ಪಾಡಿಗೆ ಬಿಟ್ಟು ಅರ್ಧ ನಿಮಿಷದಿಂದ ಒಂದು ನಿಮಿಷ ಸುಮ್ಮನಿರಿ. ಹೀಗೆ ಮೂರು ಸುತ್ತು.

ಸರಿಯಾಗಿ ಆಗುತ್ತಿದೆಯೇ ಎಂದು ತಿಳಿಯಲು ಟಿಶ್ಯೂ ಪೇಪರಿನ ಎರಡು ಬೆರಳಗಲದ ಪಟ್ಟಿ ಸಾಕು. ಅದನ್ನು ಮೂಗಿನಿಂದ ನಾಲ್ಕು ಬೆರಳು ದೂರದಲ್ಲಿ ಇಳಿಬಿಟ್ಟು ಹಿಡಿಯಿರಿ. ಪ್ರತಿ ಸ್ಟ್ರೋಕಿಗೆ ಪಟ್ಟಿ ಮುಂದಕ್ಕೆ ಚಿಮ್ಮಿ, ಮರಳಿ ಬಂದು ನೇರ ಜೋತುಬೀಳಬೇಕು. ಮೂಗಿನ ಕಡೆಗೆ ಸೆಳೆದುಕೊಂಡರೆ ಪೂರಕ ಜೋರಾಗಿದೆ. ಹತ್ತು ಸ್ಟ್ರೋಕಿನಲ್ಲಿ ಮೊದಲ ಮೂರು ಜೋರಾಗಿ ಹಾರಿ ಕೊನೆಯವು ಅಲುಗದೇ ಹೋದರೆ ಹೊಟ್ಟೆ ಸೋತಿದೆ. ಸಂಖ್ಯೆ ಇಳಿಸಿ.

ಇನ್ನೊಂದು ಪರೀಕ್ಷೆ ಕನ್ನಡಿಯದು. ಕನ್ನಡಿಗೆ ಪಕ್ಕವಾಗಿ ಕೂತು ಓರೆಗಣ್ಣಿನಲ್ಲಿ ಹೆಗಲು ನೋಡಿ. ಹೆಗಲು ಕುಣಿಯಬಾರದು, ತಲೆ ಮುಂದೆ ಹಿಂದೆ ತೂಗಬಾರದು. ಆಡಬೇಕಾದದ್ದು ಹೊಕ್ಕುಳಿನ ಸುತ್ತಮುತ್ತಲ ಅಂಗೈಯಗಲದ ಜಾಗ ಮಾತ್ರ.

ಪೂರಕ ಜೋರಾದರೆ ಒಳಗೆ ಏನಾಗುತ್ತದೆ

ವಿಶ್ರಾಂತಿಯಲ್ಲಿ ವಯಸ್ಕರು ಒಂದು ಉಸಿರಿಗೆ ಸುಮಾರು 500 ಮಿ.ಲೀ. ಗಾಳಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದುಬಿಡುತ್ತದೆ. ಆಮ್ಲಜನಕ ರಕ್ತಕ್ಕೆ ಸೇರುವ, ಇಂಗಾಲದ ಡೈಆಕ್ಸೈಡ್ ಹೊರಬೀಳುವ ಗಾಳಿಗೂಡುಗಳನ್ನು ಅದು ತಲುಪುವುದೇ ಇಲ್ಲ. ಕಪಾಲಭಾತಿಯ ಸ್ಟ್ರೋಕ್ ಚಿಕ್ಕದಾಗಿದ್ದರೆ ಆಡುವ ಗಾಳಿಯ ದೊಡ್ಡ ಪಾಲು ಈ ದಾರಿಯಲ್ಲೇ ಹೋಗಿಬರುತ್ತದೆ, ಹಾಗಾಗಿ ರಕ್ತದ ಲೆಕ್ಕ ಹೆಚ್ಚು ಏರುಪೇರಾಗದು. ಪೂರಕವನ್ನೂ ಜೋರಾಗಿ ಎಳೆದರೆ ಪ್ರತಿ ಉಸಿರೂ ಗಾಳಿಗೂಡಿನ ತನಕ ಹೋಗಿ ಇಂಗಾಲದ ಡೈಆಕ್ಸೈಡನ್ನು ಗುಡಿಸಿಕೊಂಡು ಬರುತ್ತದೆ. ಅಪಧಮನಿಯ ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ ಪಾದರಸದ 35ರಿಂದ 45 ಮಿಲಿಮೀಟರ್ ಇರಬೇಕು. ಅದಕ್ಕಿಂತ ಇಳಿದಾಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರವಾಗಿ ಕಣ್ಣು ಮಂಜಾಗುತ್ತದೆ. ರಕ್ತ ಕ್ಷಾರದ ಕಡೆಗೆ ವಾಲಿ, ಅದರಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಬರುವುದು ಅದರಿಂದ. ಇದನ್ನು ಶಕ್ತಿ ಸಂಚಾರ, ಕುಂಡಲಿನಿ ಎಂದೆಲ್ಲ ತಿಳಿದು ಇನ್ನೂ ಜೋರು ಮಾಡುವವರಿದ್ದಾರೆ. ಖಂಡಿತ ಹಾಗೆ ಮಾಡಬೇಡಿ. ಅದು ನಿಲ್ಲಿಸು ಎನ್ನುವ ಸೂಚನೆ.

ಒಂದು ಸುತ್ತು ಮುಗಿದಾಗ ಕೆಲವು ಕ್ಷಣ ಉಸಿರಾಡಬೇಕು ಅನ್ನಿಸದೇ ಇರುವುದು ಸಹಜ. ಉಸಿರಿನ ತುಡಿತ ಹುಟ್ಟಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್, ಅದು ತುಸು ಇಳಿದಿರುತ್ತದೆ. ಆ ನಿಶ್ಚಲತೆಯನ್ನು ಸುಮ್ಮನೆ ಗಮನಿಸಿ. ಹಟದಿಂದ ಲಂಬಿಸಿ ಕುಂಭಕ (ಉಸಿರು ಹಿಡಿಯುವುದು) ಮಾಡಬೇಡಿ, ಗಂಟಲು, ಹೊಟ್ಟೆ, ಗುದವನ್ನು ಬಿಗಿಹಿಡಿಯುವ ಬಂಧಗಳನ್ನು ಸೇರಿಸಬೇಡಿ. ಇದೇ ಕಾರಣಕ್ಕೆ ಈಜುವ ಮೊದಲು, ನೀರಿನಲ್ಲಿ ಕೂತು ಅಥವಾ ನಿಂತು ಕಪಾಲಭಾತಿ ಮಾಡಲೇಕೂಡದು. ನೀರಿನೊಳಗೆ ಉಸಿರು ಬಿಗಿಹಿಡಿದಾಗ ಬರಬೇಕಾದ ತುಡಿತ ತಡವಾಗುತ್ತದೆ, ಅಷ್ಟರಲ್ಲಿ ಆಮ್ಲಜನಕ ಇಳಿದು ಪ್ರಜ್ಞೆ ತಪ್ಪುತ್ತದೆ. ಈಜು ಚೆನ್ನಾಗಿ ಬಲ್ಲವರೂ ಹೀಗೆ ಮುಳುಗುತ್ತಾರೆ. ಕಾರು ಓಡಿಸುತ್ತ, ಸಿಗ್ನಲ್ಲಿನಲ್ಲಿ ಬೈಕ್ ಮೇಲೆ ಕೂತು ಮಾಡುವುದೂ ಬೇಡ.

ಏರಿಸುವುದು ಹೇಗೆ

ಎರಡನೇ ವಾರ ಹತ್ತರ ಮೂರು ಸುತ್ತು, ನಿಮಿಷಕ್ಕೆ 30ರ ವೇಗ. ಮೂರನೇ ವಾರ ಇಪ್ಪತ್ತರ ಮೂರು ಸುತ್ತು, ನಿಮಿಷಕ್ಕೆ 40. ನಾಲ್ಕನೇ ವಾರದಿಂದ ಮೂವತ್ತರ ಮೂರು ಸುತ್ತು, ನಿಧಾನವಾಗಿ ನಿಮಿಷಕ್ಕೆ 60ರ ಕಡೆಗೆ. ಫೋನಿನಲ್ಲಿ ತಾಳ ಹಿಡಿದು ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡರೆ ಲಯ ತಪ್ಪುವುದಿಲ್ಲ. ಎರಡು ತಿಂಗಳಾದ ಮೇಲೆ ಒಂದು ಸುತ್ತಿಗೆ 60 ಸ್ಟ್ರೋಕ್, ದಿನಕ್ಕೆ ಮೂರು ಸುತ್ತು. ಮನೆಯಲ್ಲಿ ಸ್ವಂತವಾಗಿ ಮಾಡುವವರಿಗೆ ಇಷ್ಟು ಭರ್ಜರಿ ಸಾಕು. ನಿಮಿಷಕ್ಕೆ 120ರ ವೇಗ ಶಿಕ್ಷಕರ ಎದುರಲ್ಲಿ ವರ್ಷಗಟ್ಟಲೆ ಪಳಗಿದವರಿಗೆ. ಆ ವೇಗದಲ್ಲಿ ಹೊಟ್ಟೆ ಸಡಿಲ ಬಿಡಲು ಸಿಗುವುದು ಕಾಲು ಸೆಕೆಂಡು, ಹೊಸಬರಲ್ಲಿ ಸಡಿಲಿಕೆ ಮಾಯವಾಗಿ ಬರೀ ನಡುಕ ಉಳಿಯುತ್ತದೆ.

ಸಂಖ್ಯೆ ಏರಿಸುವ ಮೊದಲು ಮೂರು ಸಂಗತಿ ನೋಡಿಕೊಳ್ಳಿ: ಕೊನೆಯ ಸ್ಟ್ರೋಕ್ ಮೊದಲನೆಯಷ್ಟೇ ಸ್ಪಷ್ಟವಾಗಿತ್ತೇ, ಸುತ್ತು ಮುಗಿದಾಗ ಏದುಸಿರು ಬರಲಿಲ್ಲವೇ, ಒಂದು ನಿಮಿಷದಲ್ಲಿ ಉಸಿರು ಮೊದಲಿನಂತೆ ಆಯಿತೇ. ಮೂರಕ್ಕೂ ಹೌದು ಎಂದಾದರೆ ಮಾತ್ರ ಮುಂದಿನ ಹೆಜ್ಜೆ. ಒಂದು ದಿನ ನೂರು ಮಾಡಿದವರನ್ನು ನೋಡಿ ಪೈಪೋಟಿಗೆ ಇಳಿಯಬೇಡಿ, ಅವರ ಹೆಗಲು ಕುಣಿಯುತ್ತಿತ್ತೇ ಎಂಬುದು ನಿಮಗೆ ಕಂಡಿರುವುದಿಲ್ಲ.

ಆಸನಗಳು ಮುಗಿದ ಮೇಲೆ ಕಪಾಲಭಾತಿ, ಅದಾದ ಮೇಲೆ ನಾಡಿಶೋಧನ, ಕೊನೆಗೆ ಭ್ರಾಮರಿ ಅಥವಾ ಧ್ಯಾನ. ಈ ಸರಣಿ ತಿರುವುಮುರುವು ಮಾಡಬೇಡಿ. ಎಚ್ಚರಗೊಂಡ ದೇಹವನ್ನು ತಣಿಸಲು ನಿಧಾನದ ಉಸಿರಾಟ ಹಿಂದೆಯೇ ಬರಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮುಖ ಕಿವುಚುವುದು, ಹುಬ್ಬು ಗಂಟಿಕ್ಕುವುದು ಬಹಳ ಕಾಣಸಿಗುತ್ತದೆ. ಬಲ ಮೂಗಿನಿಂದ ಬರುತ್ತದೆ ಎಂಬ ಭಾವನೆಯಿಂದ ಹೀಗಾಗುತ್ತದೆ. ಮೂಗು ಬರೀ ದಾರಿ. ಹೊಳ್ಳೆ ಬಿಗಿದರೆ ಗಾಳಿ ಇಕ್ಕಟ್ಟಿನಲ್ಲಿ ನುಗ್ಗಿ ಒಳಪದರ ಒಣಗುತ್ತದೆ, ಸೂಕ್ಷ್ಮ ರಕ್ತನಾಳ ಒಡೆದು ರಕ್ತ ಬರುತ್ತದೆ. ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಬೇಡಿ. ಮುಂದಕ್ಕೆ ಬಾಗಿ ಕೂತು ಮೂಗಿನ ಮೆದುಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ, ಬಾಯಿಂದ ಉಸಿರಾಡಿ. ಮರುದಿನ, ಅದರ ಮರುದಿನ ಅಭ್ಯಾಸ ಬೇಡ. ಮತ್ತೆ ಮರುಕಳಿಸಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಎರಡನೆಯದು ಪಕ್ಕೆ ಚುಚ್ಚುವುದು, ಹೊಟ್ಟೆಯ ಸ್ನಾಯು ಹಿಡಿದುಕೊಳ್ಳುವುದು. ಇದು ಬಳಕೆಯಿಲ್ಲದ ಸ್ನಾಯುವಿನ ದಣಿವು, ಸಂಖ್ಯೆ ಅರ್ಧಕ್ಕೆ ಇಳಿಸಿದರೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಜಾಗದಲ್ಲಿ ಗಂಟು ಉಬ್ಬಿ ಮುಟ್ಟಿದರೆ ನೋಯುತ್ತಿದ್ದರೆ, ಕೆಮ್ಮಿದಾಗ ತೊಡೆಸಂದಿಯಲ್ಲಿ ಉಬ್ಬು ಕಂಡರೆ ಮಾತ್ರ ಅದು ದಣಿವಲ್ಲ. ಶಸ್ತ್ರಚಿಕಿತ್ಸಕರನ್ನು ಕಾಣಿ.

ಜಲನೇತಿ, ಅಂದರೆ ಉಪ್ಪುನೀರಿನಿಂದ ಮೂಗು ತೊಳೆಯುವ ಕ್ರಿಯೆ ಮಾಡುವವರು ಮೂಗು ಒಣಗಿಸಲು ಕಪಾಲಭಾತಿ ಬಳಸುತ್ತಾರೆ. ಇಲ್ಲಿ ಒಂದು ಅಪಾಯ ಅಡಗಿದೆ. ಒಂದು ಹೊಳ್ಳೆ ಪೂರ್ತಿ ಮುಚ್ಚಿ ಇನ್ನೊಂದರಿಂದ ಜೋರಾಗಿ ಹೊಡೆದರೆ ಉಳಿದ ನೀರು ಗಂಟಲಿನಿಂದ ಕಿವಿಗೆ ಹೋಗುವ ನಾಳದೊಳಗೆ ನುಗ್ಗಿ ಕಿವಿನೋವು ಶುರುವಾಗುತ್ತದೆ. ಎರಡೂ ಹೊಳ್ಳೆ ತೆರೆದಿಟ್ಟು, ಸೊಂಟದಿಂದ ಮುಂದಕ್ಕೆ ಬಾಗಿ, ತಲೆಯನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ತಿರುಗಿಸುತ್ತ ಮೆಲುವಾಗಿ ಹತ್ತು ಹತ್ತು ಸ್ಟ್ರೋಕ್ ಮಾಡಿ. ಇಲ್ಲಿ ಮಾತ್ರ ಬಾಗಿ ಮಾಡುವುದರಿಂದ ಕೈಗಳನ್ನು ಮೊಣಕಾಲಿಗೆ ಊರಿಕೊಳ್ಳಿ, ಎದ್ದೇಳುವಾಗ ನಿಧಾನ. ನೇತಿಗೆ ಬಳಸುವ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು, ನಲ್ಲಿಯಿಂದ ನೇರ ಹಿಡಿದದ್ದು ಬೇಡ. ಅರ್ಧ ಲೀಟರಿಗೆ ಒಂದು ಸಮ ಟೀ ಚಮಚಕ್ಕೆ ತುಸು ಕಡಿಮೆ, ಸುಮಾರು ನಾಲ್ಕೂವರೆ ಗ್ರಾಂ ಉಪ್ಪು. ಉಪ್ಪು ಕಡಿಮೆಯಾದರೂ ಹೆಚ್ಚಾದರೂ ಮೂಗು ಉರಿಯುತ್ತದೆ.

ನಡುವೆ ತೊಂದರೆ ಕಾಣಿಸಿಕೊಂಡರೆ

ತಲೆ ತಿರುಗಿದರೆ ತಕ್ಷಣ ನಿಲ್ಲಿಸಿ, ಕಣ್ಣು ತೆರೆದು ಎದುರಿನ ಒಂದು ವಸ್ತುವನ್ನು ನೋಡಿ. ಎದ್ದು ನಿಲ್ಲಬೇಡಿ. ಮೂಗಿನಿಂದ ಮೆಲ್ಲಗೆ ತೆಗೆದುಕೊಂಡು ಅದರ ಎರಡರಷ್ಟು ಹೊತ್ತು ಬಿಡುತ್ತ ಹೋಗಿ, ಎರಡು ಮೂರು ನಿಮಿಷದಲ್ಲಿ ಸರಿಹೋಗುತ್ತದೆ. ಹೋಗದಿದ್ದರೆ ಎಡಮಗ್ಗುಲಿಗೆ ಮಲಗಿ. ಕವರಿನೊಳಗೆ ಉಸಿರಾಡುವ ಉಪಾಯ ಬೇಡ, ತೊಂದರೆ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದರಿಂದ ಪ್ರಾಣಾಪಾಯವಾದೀತು. ಆ ದಿನ ಮತ್ತೆ ಮುಂದುವರಿಸಬೇಡಿ.

ಎದೆಯ ಒಂದು ಪಕ್ಕದಲ್ಲಿ ಇದ್ದಕ್ಕಿದ್ದಂತೆ ಚುಚ್ಚುವ ನೋವು ಬಂದು, ಉಸಿರು ತೆಗೆದುಕೊಂಡಷ್ಟೂ ಹೆಚ್ಚಾಗುತ್ತ, ಜೊತೆಗೆ ಏದುಸಿರು ಇದ್ದರೆ ಅದು ಗ್ಯಾಸ್ ಎಂದು ಜೀರಿಗೆ ಕಷಾಯ ಕುಡಿದು ಕಾಯುವ ವಿಷಯವಲ್ಲ. ಎದೆಯ ನಡುವೆ ಭಾರವಾಗಿ ಎಡತೋಳಿಗೆ, ದವಡೆಗೆ ಹರಿಯುವ ನೋವು, ಒಂದು ಕೈ ಸೋಲುವುದು, ಮಾತು ತೊದಲುವುದು, ದೃಷ್ಟಿ ಮಸುಕಾಗುವುದು, ಹಿಂದೆಂದೂ ಬಾರದಷ್ಟು ತೀವ್ರ ತಲೆನೋವು ಇವೂ ಅಷ್ಟೇ ತುರ್ತು. 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಕಪಾಲಭಾತಿ ಮಾಡುವಾಗ ಬಂತು ಎಂಬುದನ್ನು ಮರೆಯದೆ ಹೇಳಿ, ವೈದ್ಯರು ಯಾವುದನ್ನು ಮೊದಲು ಪರೀಕ್ಷಿಸಬೇಕು ಎಂಬುದಕ್ಕೆ ಅದು ಸುಳಿವಾಗುತ್ತದೆ.

ಅಭ್ಯಾಸ ಮುಗಿದ ಅರ್ಧ ಗಂಟೆಯ ನಂತರ ತಿಂಡಿ ತಿನ್ನಬಹುದು. ಬೆವರಿದ್ದರೆ ಆರಿದ ಮೇಲೆ ಸ್ನಾನ. ಜ್ವರ, ಪ್ರಯಾಣ, ಮದುವೆ ಮುಂಜಿ ಎಂದು ಎರಡು ವಾರ ತಪ್ಪಿಹೋದರೆ ಬಿಟ್ಟ ಸಂಖ್ಯೆಯಿಂದಲೇ ಹಿಡಿಯಬೇಡಿ. ಮೊದಲ ಮೂರು ದಿನ ಹತ್ತರ ಮೂರು ಸುತ್ತು, ಆಮೇಲೆ ಒಂದು ವಾರ ಹಿಂದಿನ ಸಂಖ್ಯೆಯ ಅರ್ಧ, ಅದೂ ಟಿಶ್ಯೂ ಪಟ್ಟಿಯ ಪರೀಕ್ಷೆ ಒಮ್ಮೆ ಮಾಡಿ ನೋಡಿಕೊಂಡು.